ತಟ್ಟಿ ತುಂಬಿದ ಲೋಟ

ಕೊರಿಯರ್ ಆಫೀಸಿನಲ್ಲಿ ದಿನವಿಡೀ ಪಾರ್ಸೆಲ್ ತೂಗುವ ಅವನನ್ನು ಜೊತೆಯವರು ‘ಗ್ರಾಂ ಸಾಹೇಬ’ ಎಂದು ಕರೆಯುತ್ತಿದ್ದರು. ಸಂಬಳದ ಮಟ್ಟಿಗೆ ಸಾಹೇಬ ಎನ್ನುವುದು ಶುದ್ಧ ಸುಳ್ಳು, ಗ್ರಾಂ ಮಾತ್ರ ನಿಜ. ಆದರೂ ತೂಕದ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಅವನಿಗಿತ್ತು. ಜಂಬಪಡಲು ಬೇರೇನೂ ಇರಲಿಲ್ಲವಲ್ಲ!

ಅವನನ್ನು ಸಾಕಿದ ಸೋದರತ್ತೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಬನ್ ಮಾಡುತ್ತಿದ್ದಳು. ಅವಳ ಲೆಕ್ಕವೆಲ್ಲ ಸ್ಟೀಲ್ ಲೋಟದ್ದು. ಇಷ್ಟು ಲೋಟ ಮೈದಾ, ಇಷ್ಟು ಲೋಟ ಹಾಲು. ಹೊಸ ಸೂಪರ್‌ವೈಸರ್ ಅದನ್ನು ಕಂಡು ಮುಖ ಸಿಂಡರಿಸಿದ. ಇನ್ನು ಮೇಲೆ ಎಲ್ಲವೂ ತಕ್ಕಡಿಯಲ್ಲೇ ಆಗಬೇಕು. ಶನಿವಾರ ತನ್ನೆದುರು ಹಾಗೆ ಮಾಡಿ ತೋರಿಸಿದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ ಎಂದ.

“ಇದಕ್ಕೆ ಯಾಕತ್ತೆ ತಲೆ ಕೆಡಿಸ್ಕೊಳ್ತೀಯ? ನಾನಿಲ್ವಾ?”

“ನೀನಿರೋದೇ ನಂಗೆ ಚಿಂತೆ ಕಣೋ.”

ಆಫೀಸಿನ ತಕ್ಕಡಿಯನ್ನು ಕಾಡಿ ಬೇಡಿ ತಂದ. ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಲೋಟವನ್ನು ಮೈದಾ ಡಬ್ಬಕ್ಕೆ ಅದ್ದಿ, ನೆಲಕ್ಕೆ ಕುಟ್ಟಿ, ಮತ್ತೆ ತುಂಬಿದ. ಪೆಟ್ಟಿಗೆಯಲ್ಲಿ ಸಂದಿ ಉಳಿಯಬಾರದು ಎಂಬುದು ಆಫೀಸಿನಲ್ಲಿ ಅವನು ಕಲಿತಿದ್ದ ಒಂದೇ ವಿದ್ಯೆ. ತಕ್ಕಡಿ ನೂರಾ ಅರವತ್ತು ಗ್ರಾಂ ತೋರಿಸಿತು. ಅತ್ತೆ ಕಸ ಗುಡಿಸುತ್ತಾ, ಮಗ್ಗಿ ಹೇಳುವ ಹುಡುಗಿಯ ಹಾಗೆ, “ಲೋಟ ಮೈದಾ ನೂರಾ ಅರವತ್ತು” ಎಂದು ಬಾಯಿಪಾಠ ಮಾಡಿಕೊಂಡಳು.

ಶನಿವಾರ ಸಂಜೆ ಬಂದವಳು ಚಪ್ಪಲಿ ಬಿಡುವಾಗಲೇ ಹೇಳಿದಳು: “ಸೂಪರ್‌ವೈಸರ್ ಮೇಜಿಗೆ ಕುಟ್ಟಿದ ಕಣೋ ಬನ್ನನ್ನ. ಟಕ್ ಅಂತು. ಇನ್ನು ಬರಬೇಡ ಅಂದ.”

“ನಾದುವಾಗ ಗೊತ್ತಾಗ್ಲಿಲ್ವಾ?”

“ಗಟ್ಟಿ ಅನ್ನಿಸ್ತು. ಇನ್ನೊಂಚೂರು ಹಾಲು ಹಾಕೋಣ ಅಂದ್ಕೊಂಡೆ. ನೀನು ಹೇಳಿದ ಲೆಕ್ಕ ಅಲ್ವಾ, ನನ್ನ ಕೈಯೇ ಸುಳ್ಳು ಹೇಳ್ತಿರಬೇಕು ಅಂತ ಸುಮ್ಮನಾದೆ.”

ಮರುದಿನ ಅವನು ಹಟ ಹಿಡಿದು ಅವಳಿಂದಲೇ ಅಳೆಸಿದ. ಅತ್ತೆ ಮೊದಲು ಜರಡಿ ಹಿಡಿದಳು. ಹಗುರಾದ ಹಿಟ್ಟನ್ನು ಚಮಚದಿಂದ ಲೋಟಕ್ಕೆ ಉದುರಿಸಿ, ಬೆರಳಿನಿಂದ ಮೇಲೆ ಸವರಿದಳು.

“ಜರಡಿ ಹಿಡಿದ ಮೇಲಾ ಅಳೆಯೋದು?”

“ಮತ್ತೆ? ಕಸಾನೂ ಅಳೀತಾರಾ?”

ತಕ್ಕಡಿಯಲ್ಲಿ ನೂರಾ ಹದಿನೈದು. ಲೋಟ ತೆಗೆದು ಮತ್ತೆ ಇಟ್ಟು ನೋಡಿದ; ಅಷ್ಟೇ.

ಸೋಮವಾರ ಆಫೀಸಿಗೆ ಚಕ್ಕರ್ ಹೊಡೆದು ಕ್ಯಾಂಟೀನಿಗೆ ಓಡಿದ. ಸೂಪರ್‌ವೈಸರ್ ಪೂರ್ತಿ ಕೇಳಿಸಿಕೊಂಡ, ನಗಲೂ ಇಲ್ಲ. “ಅಜ್ಜಿ ತಪ್ಪಿಲ್ಲ, ಸರಿನಪ್ಪ. ಆದ್ರೆ ಬನ್ ಈಗ ಪ್ಯಾಕೆಟ್‌ನಲ್ಲಿ ಬರುತ್ತೆ” ಎಂದು ಮೂಲೆಗೆ ಕೈ ತೋರಿಸಿದ. ಅಲ್ಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಒಳ್ಳೆಯ ಪ್ಯಾಕಿಂಗ್ ಎಂದು ಅವನಿಗೆ ತಾನಾಗಿಯೇ ಅನ್ನಿಸಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಕೆಲಸ ಹೋದದ್ದು ಹೋಯಿತು, ಅತ್ತೆಗೆ ಇಷ್ಟಾದರೂ ತಿಳಿಯಲಿ ಎಂಬ ಆಸೆ.

“ಅಳೆದದ್ದು ನಾನು ಅತ್ತೆ. ತಪ್ಪು ನಂದು. ನಿನ್ನ ಕೈ ಸರಿಯಾಗೇ ಇದೆ.”

“ನನ್ನ ಸಮಾಧಾನಕ್ಕೆ ಹೇಳ್ತೀಯ.”

“ನಿನ್ನೆ ನೀನೇ ನೋಡಿದ್ಯಲ್ಲ, ನೂರಾ ಹದಿನೈದು!”

“ತಕ್ಕಡಿ ನಿಂದು. ನೀನು ಹೇಳಿದ ಹಾಗೆ ಕೇಳುತ್ತೆ.” ಅವನ ತಲೆ ಸವರಿದಳು. “ವಯಸ್ಸಾಯ್ತು. ಕೈ ಹೋಯ್ತು. ಅದಕ್ಕೆ ನೀನ್ಯಾಕೆ ಅಳೋದು?”

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿ ಕೇಳಿದಳು: “ಬೆಳಿಗ್ಗೆ ಇನ್ನು ಬೇಗ ಏಳೋದು ಬೇಡ, ಅಲ್ವಾ?”