ತಾಯಕ್ಕ ಯಾಕೆ ವರ್ಬು ಕಲಿಯುತ್ತಿದ್ದಾಳೆ?

ಮೊನ್ನೆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಪೂರಿಗಾಲಿಯಿಂದ ಬಾವನ ಫೋನು. ಅವರು ಸುಮ್ಮಸುಮ್ಮನೆ ಫೋನ್ ಮಾಡುವ ಆಸಾಮಿಯಲ್ಲ. ಬಾಯಿ ತುಂಬ ನೊರೆ ಇಟ್ಟುಕೊಂಡೇ "ಏನ್ ಬಾವ?" ಎಂದೆ.

"ನಿಮ್ಮಕ್ಕ ಇಂಗ್ಲಿಸ್ ಕಲೀತಾವ್ಳೆ ಕಣಪ್ಪ."

ದನಿ ಹೇಗಿತ್ತೆಂದರೆ, ಅಕ್ಕ ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಾಳೇನೋ ಅನ್ನುವ ಹಾಗಿತ್ತು.

"ಕಲೀಲಿ ಬುಡಿ ಬಾವ. ಒಳ್ಳೇದೇ ಅಲ್ವಾ?"

"ಒಳ್ಳೇದೇ. ಆದ್ರೆ ಯಾಕೆ ಅಂತ?"

ನೋಡಿ, ನಮ್ಮ ಮಂಡ್ಯ ಸೀಮೆಯಲ್ಲಿ ನಲವತ್ತು ದಾಟಿದವರು ಏನಾದರೂ ಹೊಸದು ಕಲಿಯಲು ಕೂತರೆ ಮೊದಲು ಹುಟ್ಟುವ ಪ್ರಶ್ನೆಯೇ ಇದು. ಹುಡುಗರು ಕಲಿತರೆ ಕೆಲಸಕ್ಕೆ. ಐವತ್ತೆರಡರ ಹೆಂಗಸು ಕಲಿತರೆ? ಹಿಂದೆ ಏನೋ ಇದೆ. ಇರಲೇಬೇಕು. ಸುಮ್ಮನೆ ಯಾರಾದರೂ ಕಲಿಯುತ್ತಾರೆಯೇ?

ನಮ್ಮಕ್ಕನ ಹೆಸರು ಚಿಕ್ಕತಾಯಮ್ಮ. ನನಗೆ ತಾಯಕ್ಕ. ಓದಿದ್ದು ಏಳನೇ ಕ್ಲಾಸು. ಕಸುಬು ರೇಷ್ಮೆ ಹುಳ ಸಾಕುವುದು. ಸೊಪ್ಪಿನ ಮೇಲೆ ಸಾವಿರಾರು ಹುಳ ಹರಿದಾಡುತ್ತಿದ್ದರೂ ರೋಗ ತಗುಲಿದ ಒಂದೇ ಒಂದನ್ನು ನಿಂತಲ್ಲಿಂದಲೇ ಗುರುತು ಹಿಡಿಯುತ್ತಾಳೆ. ಊರಿನ ಬೇರೆ ಸಾಕಣೆಯವರೂ ತಮ್ಮ ಹುಳ ತೋರಿಸಲು ಅವಳನ್ನೇ ಕರೆಯುತ್ತಾರೆ. ಅವಳ ದುಡಿಮೆ, ಅವಳ ಮರ್ಯಾದೆ, ಎಲ್ಲ ಆ ಕಣ್ಣಿನಲ್ಲಿದೆ.

ಅಂಥವಳು ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನಿನ ಆ್ಯಪಿನಲ್ಲಿ ದಿನಕ್ಕೆ ಐದರಂತೆ ಇಂಗ್ಲಿಷ್ ವರ್ಬುಗಳನ್ನು ಉರು ಹೊಡೆಯುತ್ತಿದ್ದಾಳಂತೆ. ಶುರುವಿನ ಪಾಠಗಳೆಲ್ಲ ಮುಗಿದು ಈಗ ಇಂಟರ್ಮೀಡಿಯೇಟ್ ಲೆವೆಲ್ಲಿಗೆ ಬಂದಿದ್ದಾಳಂತೆ.

ಬಾವನ ಅನುಮಾನ, ಅವಳು ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುತ್ತಾಳೆ ಅಂತ. (ಪಂಚಾಯ್ತಿಗೆ ಇಂಗ್ಲಿಷ್ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಅನುಮಾನ ಬಂದವರ ಹತ್ತಿರ ಲೆಕ್ಕಾಚಾರ ಕೇಳಬಾರದು.) ಪಕ್ಕದ ಮನೆಯವರ ಅನುಮಾನ, ಯಾರೋ ಹೊರಗಿನ ಪಾರ್ಟಿ ಹಿಪ್ಪುನೇರಳೆ ತೋಟ ಕೊಳ್ಳಲು ಬಂದಿದೆ ಅಂತ.

ನನಗೇನು ಕಮ್ಮಿಯೇ? ನನಗೂ ಬಂತು. ಮೊದಲನೆಯದು, ಯಾವುದೋ ಕಳ್ಳ ಆ್ಯಪು, ನಾಲ್ಕು ಪಾಠ ಹೇಳಿ ಐದನೇ ದಿನ ಓಟಿಪಿ ಕೇಳುತ್ತದೆ. ಎರಡನೆಯದು ಸ್ವಲ್ಪ ಚುಚ್ಚಿತು. ಅಪ್ಪನ ಜಮೀನಿನ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹಿಂದೊಮ್ಮೆ ಅಕ್ಕನಿಂದ ಸಹಿ ಹಾಕಿಸಿದ್ದೆ. ಅದನ್ನೇನಾದರೂ ಓದಲು ಹೊರಟಿದ್ದಾಳೆಯೇ? (ಆ ಪತ್ರ ಕನ್ನಡದಲ್ಲೇ ಇತ್ತು ಎಂದು ನೆನಪಾಗಿ ಸಮಾಧಾನವಾಯಿತು. ಅದೆಂಥ ಸಮಾಧಾನ ಅಂತ ನೀವು ಕೇಳಬೇಡಿ.)

ಮೂರನೆಯದನ್ನು ಬಾವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಐದು ತಿಂಗಳ ಹಿಂದೆ ಅಕ್ಕನನ್ನು ಮಂಡ್ಯದ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಎಡಗಡೆಯಿಂದ ಬರುವವರು ಕಾಣುವುದಿಲ್ಲ, ಬಾಗಿಲಿಗೆ ಭುಜ ತಗುಲುತ್ತದೆ ಎನ್ನುತ್ತಿದ್ದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಗ್ಲಾಕೋಮಾ, ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿ ತಿನ್ನುವ ಕಾಯಿಲೆ. ಅಕ್ಕನ ಎದುರಿಗೇ ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದೆವು. ಎಡಗಣ್ಣು ಹೆಚ್ಚೂಕಮ್ಮಿ ಹೋದಂತೆಯೇ, ಬಲಗಣ್ಣನ್ನು ಉಳಿಸಿಕೊಳ್ಳಬಹುದು, ದಿನಾ ಡ್ರಾಪ್ಸ್ ಹಾಕಬೇಕು, ಒಂದು ದಿನವೂ ತಪ್ಪಿಸಬಾರದು ಎಂದರು.

ನಾನು ಏನೆಂದೆ? "ಪ್ಲೀಸ್, ಡೋಂಟ್ ಟೆಲ್ ಹರ್" ಎಂದೆ. ಮನೆಯಲ್ಲಿ ನಾನೇ ನಿಧಾನವಾಗಿ ಹೇಳುತ್ತೇನೆ ಎಂದೆ.

ಹೊರಗೆ ಬಂದು ಅಕ್ಕನಿಗೆ, "ಏನಿಲ್ಲ ಕಣಕ್ಕ, ಕಣ್ಣು ಒಣಗಿದೆಯಂತೆ. ಡ್ರಾಪ್ಸ್ ಹಾಕ್ಕೊ, ಸರಿಹೋಗುತ್ತೆ" ಎಂದೆ. ಆಗ ಅವಳ ಹುಳ ಕೊನೇ ಹಂತದಲ್ಲಿದ್ದವು. ಗೂಡು ಕಟ್ಟಲಿ, ಆಮೇಲೆ ಹೇಳೋಣ ಅಂದುಕೊಂಡೆ. ಆ ಬೆಳೆ ಆಯಿತು. ಇನ್ನೊಂದು ಬೆಳೆಯೂ ಆಯಿತು. ನಾನು ಹೇಳಲಿಲ್ಲ. ಅವಳ ಮೇಲಿನ ಅಕ್ಕರೆಗೆ ಹೇಳಲಿಲ್ಲ ಎಂದು ಐದು ತಿಂಗಳು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ, ಹೇಳುವಾಗ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಹೀಗಾಗಿ, ಅಕ್ಕ ಇಂಗ್ಲಿಷ್ ಕಲಿಯುತ್ತಿದ್ದಾಳೆ ಎಂದಾಗ ಮೂರನೆಯ ಅನುಮಾನ ಬಂತು: ಅವತ್ತು ನಾವಾಡಿದ್ದರ ಅರ್ಥ ಹುಡುಕುತ್ತಿದ್ದಾಳೆಯೇ?

ಭಾನುವಾರವೇ ಮಳವಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಪೂರಿಗಾಲಿ.

ಅಕ್ಕ ಮನೆ ಹಿಂದಿನ ಹುಳದ ಮನೆಯಲ್ಲಿದ್ದಳು. ಬಾಗಿಲಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಬೇಕು, ತಮ್ಮನಾದರೂ ಅಷ್ಟೆ. ಒಳಗೆ ಅಕ್ಕ ಸೊಪ್ಪು ಹರಡುತ್ತಾ ಹುಳಗಳಿಗೆ ಹೇಳುತ್ತಿದ್ದಳು. "ದೇ ಈಟ್. ದೇ ಏಟ್. ದೇ ಹ್ಯಾವ್ ಈಟನ್." ಬಾಗಿಲ ಬಳಿ ನಿಂತಿದ್ದ ಬಾವ, ಕೇಳಿದೆಯಾ ಎನ್ನುವಂತೆ ನನ್ನ ಮುಖ ನೋಡಿದರು.

"ಬಂದ್ಯಾ? ಬಾ" ಎಂದಳು. ತಿರುಗಲಿಲ್ಲ. "ನಿಮ್ ಬಾವ ದೂರು ಯೋಳಿರ್ಬೇಕು."

"ಅಯ್ಯೋ, ಸುಮ್ನೆ ಬಂದೆ ಅಕ್ಕ."

"ಸುಮ್ನೆ ಬರೋ ಪೈಕಿ ಅಲ್ಲ ನೀನು. ಸೇವ್ ಅಂದ್ರೆ ಏನ್ಲಾ?"

ಈ ಪ್ರಶ್ನೆ ಯಾಕೆ ಬಂತು? ಇಷ್ಟು ವರ್ಬುಗಳಿರುವಾಗ ಅದೇ ಯಾಕೆ? ನಾನು ಎಚ್ಚರಿಕೆಯಿಂದ "ದುಡ್ಡು ಕೂಡಿಡೋದು" ಎಂದೆ.

"ದುಡ್ಡೇ ಆಗ್ಬೇಕಾ? ಕಣ್ಣನ್ನೂ ಸೇವ್ ಮಾಡ್ಬೋದಾ?"

ಬಾವ ನನ್ನನ್ನು ನೋಡಿದರು. ನಾನು ಹುಳ ನೋಡಿದೆ. ಅಷ್ಟು ಶ್ರದ್ಧೆಯಿಂದ ಜನ್ಮದಲ್ಲಿ ಹುಳ ನೋಡಿರಲಿಲ್ಲ.

ಅಕ್ಕ ಇಯರ್‌ಫೋನ್ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಕೊಡುತ್ತೇನೆ.

"ಕರೆಂಟು, ಮೋಟ್ರು, ಬಸ್ಸು, ಟೈಮು, ಎಲ್ಲಾನೂ ನಾವು ಇಂಗ್ಲಿಸ್ನಲ್ಲೇ ಅಂತೀವಿ. ಅವತ್ತು ಆ ಡಾಕ್ಟ್ರಮ್ಮ ಮಾತಾಡೋವಾಗ ಐ ಅಂದ್ರೆ ಕಣ್ಣು ಅಂತ ಗೊತ್ತಾಯ್ತು. ಲೆಫ್ಟು ಗೊತ್ತಾಯ್ತು, ರೈಟು ಗೊತ್ತಾಯ್ತು, ಡ್ರಾಪ್ಸ್ ಗೊತ್ತಾಯ್ತು. ಆ ಲೆಫ್ಟು ಏನಾಯ್ತದೆ, ಆ ರೈಟ್ನ ಏನ್ ಮಾಡ್ಬೇಕು, ಅದ್ ಮಾತ್ರ ಗೊತ್ತಾಗ್ನಿಲ್ಲ. ಅದುಕ್ಕೇ ಕಲ್ತೆ."

ನಾನು ಇಂಗ್ಲಿಷ್ ಎಂ.ಎ. ಮಾಡಿ ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು. ಇದು ನನಗೆ ಹೊಳೆದೇ ಇರಲಿಲ್ಲ.

ನೀವೇ ಯೋಚಿಸಿ. ನಮ್ಮ ಕನ್ನಡದಲ್ಲಿ ಇಂಗ್ಲಿಷ್ ನಾಮಪದಗಳಿಗೆ ಬರವೇ ಇಲ್ಲ. ಕ್ರಿಯೆಯ ಸರದಿ ಬಂದರೆ ಒಂದು ‘ಮಾಡು’ ಅಂಟಿಸಿ ಮುಗಿಸುತ್ತೇವೆ. ಆದರೆ ಬ್ಯಾಂಕಿನಲ್ಲಿ, ಸ್ಕೂಲಿನಲ್ಲಿ, ಆಸ್ಪತ್ರೆಯಲ್ಲಿ, ಎದುರಿಗಿರುವವರನ್ನು ಏನು ಮಾಡಬೇಕು ಎಂಬ ಮಾತು ಬಂದ ತಕ್ಷಣ ಭಾಷೆ ಬದಲಾಗುತ್ತದೆ. ಗಮನಿಸಿದ್ದೀರಾ? ಕಳಿಸೋಣ, ನಿಲ್ಲಿಸೋಣ, ತೆಗೆಯೋಣ, ಹೇಳುವುದು ಬೇಡ. ಇವೆಲ್ಲ ಇಂಗ್ಲಿಷಿನಲ್ಲೇ. ನಮ್ಮ ಮನೆಯಲ್ಲೂ ನಾನು, ನನ್ನ ಹೆಂಡತಿ ಮಗಳ ಎದುರಿಗೆ ಹೀಗೇ ಮಾತಾಡುತ್ತಿದ್ದೆವು. ಯುಕೆಜಿಯಲ್ಲಿ ಅವಳೇ ಉತ್ತರ ಕೊಡತೊಡಗಿದ ಮೇಲೆ ಬಿಟ್ಟೆವು.

"ನನ್ನೇ ಕೇಳ್ಬೋದಿತ್ತಲ್ಲ ಅಕ್ಕ" ಎಂದೆ.

"ಕೇಳಿದ್ರೆ ಇನ್ನೊಂದು ಸುಳ್ಳು ಯೋಳ್ತಿದ್ದೆ. ಅವತ್ತು ಬರೋವಾಗ ದಾರೀಲಿ ಎಲ್ಡ್ ಸತಿ ಎಳ್ನೀರು ಕುಡುಸ್ದೆ. ನಿನ್ ಜಲ್ಮದಲ್ಲಿ ನಂಗೆ ಯಾವತ್ತು ಕುಡ್ಸಿದ್ದೆ? ಅವತ್ತೇ ಗೊತ್ತಾಯ್ತು ಏನೋ ಮುಚ್ಚಿಡ್ತಾವ್ನೆ ಅಂತ. ಡೋಂಟ್ ಟೆಲ್ ಹರ್ ಅಂದ್ಯಲ್ಲ, ಅದ್ನ ಬಾಯಲ್ಲೇ ಇಟ್ಕಂಡು ಬಂದೆ. ಅದ್ರ ಅರ್ತ ಮೊದಲ್ನೇ ತಿಂಗ್ಳೇ ಗೊತ್ತಾಯ್ತು. ಏನನ್ನ ಡೋಂಟ್ ಟೆಲ್ ಅಂತ ಮಾತ್ರ ಇನ್ನೂ ಪೂರ್ತಿ ಗೊತ್ತಾಗ್ನಿಲ್ಲ. ಈಗ ನಿನ್ ಬಾಯಲ್ಲೇ ಯೋಳು."

ಹೇಳಿದೆ. ಎಲ್ಲವನ್ನೂ ಹೇಳಿದೆ. ಬಾವ ಸೊಪ್ಪಿನ ಮೂಟೆಯ ಮೇಲೆ ಕುಕ್ಕರಿಸಿದರು. ಅಕ್ಕ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲೇ ಹುಳಗಳ ಕಡೆ ಒಂದಷ್ಟು ಹೊತ್ತು ನೋಡಿದಳು.

"ಡ್ರಾಪ್ಸ್ ಬುಟ್ಟು ಎಲ್ಡ್ ತಿಂಗ್ಳಾಯ್ತು ಕಣ್ಲಾ" ಎಂದಳು. "ಕಣ್ಣು ಒಣಗಿಲ್ವಲ್ಲ ಅಂತ ಬುಟ್ಟೆ. ಏನೋ ಮುಚ್ಚಿಟ್ಟಿದ್ದೀಯ ಅಂತ ಗೊತ್ತಿತ್ತು. ಔಸ್ದಿ ವಿಷ್ಯಕ್ಕೂ ಸುಳ್ಳು ಯೋಳಿದ್ದೀಯ ಅಂತ ಗೊತ್ತಾಗ್ನಿಲ್ಲ."

ಎರಡು ತಿಂಗಳು. ಒಂದು ದಿನವೂ ತಪ್ಪಿಸಬಾರದು ಎಂದಿದ್ದ ಔಷಧಿ. ನನ್ನ ಅಕ್ಕರೆಯ ಸುಳ್ಳು ಅವಳ ಉಳಿದ ಕಣ್ಣಿಗೇ ಕೈ ಹಾಕಿತ್ತು.

ಮಾರನೇ ದಿನ ಬೆಳಿಗ್ಗೆ ಮಂಡ್ಯಕ್ಕೆ ಹೊರಟೆವು. ಹುಳ ಬಿಟ್ಟು ಎಲ್ಲೂ ಹೋಗದ ಅಕ್ಕ, ಬಾವನಿಗೆ ಇಂಗ್ಲಿಷಿನಲ್ಲೇ ಜವಾಬ್ದಾರಿ ವಹಿಸಿದಳು. "ಕಟ್. ಫೀಡ್. ಕ್ಲೀನ್. ಡೋಂಟ್ ಸ್ಲೀಪ್." ಬಾವ ತಲೆಯಾಡಿಸಿದರು. ಅರ್ಥವಾಗಿತ್ತೋ ಇಲ್ಲವೋ, ಎದುರು ಮಾತಾಡುವ ಸಮಯವಂತೂ ಅದಾಗಿರಲಿಲ್ಲ.

ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಕಣ್ಣಿನ ಪ್ರೆಶರ್ ನೋಡಿದರು. ಮುಖ ಸಣ್ಣಗಾಯಿತು. ಹೋದ ಸಲದಂತೆಯೇ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದರು.

ಅಕ್ಕ ಮೇಜಿನ ಮೇಲೆ ಅಂಗೈ ಊರಿದಳು.

"ಟೆಲ್ ಮೀ" ಎಂದಳು. "ಡೋಂಟ್ ಟೆಲ್ ಹಿಮ್."

ಡಾಕ್ಟರಮ್ಮ ಕುರ್ಚಿಯನ್ನು ಅಕ್ಕನ ಹತ್ತಿರ ಎಳೆದುಕೊಂಡರು.

"ಯೋಳ್ತೀನಿ ಕಣಮ್ಮ" ಎಂದರು. "ನಾನೂ ಈ ಕಡೆಯವ್ಳೇ. ನಮ್ದು ಮದ್ದೂರು ಹತ್ರ ಕೊಪ್ಪ."

ಅಪ್ಪಟ ನಮ್ಮ ಕನ್ನಡ. ಕಾಲು ಗಂಟೆ ಮಾತಾಡಿದರು. ಬಲಗಣ್ಣಿನ ಅಂಚು ಸ್ವಲ್ಪ ಹೋಗಿದೆ, ಅದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಎಂದರು. ಅಕ್ಕ ಒಂದೊಂದೇ ಕೇಳಿದಳು. ಸೊಪ್ಪು ಕೊಯ್ಯುವಾಗ ಕುಡುಗೋಲು ಹಿಡಿಯಬಹುದೇ? ರೋಗದ ಹುಳ ಇನ್ನೆಷ್ಟು ವರ್ಷ ಕಾಣುತ್ತದೆ? ಇದು ರಕ್ತದಲ್ಲಿ ಬರುವುದಾದರೆ ಒಡಹುಟ್ಟಿದವರೂ ಕಣ್ಣು ತೋರಿಸಬೇಕೇ? ಇವುಗಳಲ್ಲಿ ಒಂದನ್ನೂ ನಾನು ಅವತ್ತು ನನ್ನ ಎಂ.ಎ. ಇಂಗ್ಲಿಷಿನಲ್ಲಿ ಕೇಳಿರಲಿಲ್ಲ.

"ಮತ್ತೆ ಅವತ್ತ್ಯಾಕವ್ವ ಇಂಗೇ ಯೋಳ್ನಿಲ್ಲ?" ಎಂದಳು ಅಕ್ಕ.

"ನಿಮ್ ತಮ್ಮ ಬಂದು ಕೂತೋರೇ ಇಂಗ್ಲಿಷಲ್ಲಿ ಶುರು ಮಾಡಿದ್ರು. ಮನೇಲಿ ನಾನೇ ಹೇಳ್ತೀನಿ ಅಂದ್ರು. ಹೇಳಿರ್ತಾರೆ ಅಂದ್ಕೊಂಡೆ. ನಂದೂ ತಪ್ಪಾಯ್ತು."

ಹೊರಗೆ ಬಂದೆವು. ಅಕ್ಕ ಡ್ರಾಪ್ಸ್ ಬಾಟಲಿಯನ್ನು ಸೊಂಟದ ಚೀಲಕ್ಕೆ ಹಾಕಿ ಗಂಟು ಬಿಗಿದಳು. ಮೆಟ್ಟಿಲು ಇಳಿಯುವಾಗ ಅವಳ ಎಡಗೈ ಹಿಡಿದುಕೊಳ್ಳಲು ಹೋದೆ. ಅವಳು ಕೈ ಕೊಡಲಿಲ್ಲ. ಅಲ್ಲೇ ನಿಂತು, ನನ್ನ ಮುಖ ಪೂರ್ತಿ ಕಾಣುವಷ್ಟು ಕತ್ತು ತಿರುಗಿಸಿದಳು.

"ಆ ಹೆಣ್ಮಗೀಗೆ ಕನ್ನಡ ಬತ್ತದೆ ಅಂತ ಅವತ್ತೇ ಗೊತ್ತಿತ್ತೇನ್ಲಾ ನಿಂಗೆ?"