ದೊಡ್ಡಪ್ಪ ಕೂರದ ಕುರ್ಚಿಗಳು

ನಮ್ಮ ದೊಡ್ಡಪ್ಪ ಬೆತ್ತದ ಕುರ್ಚಿ ರಿಪೇರಿ ಮಾಡುವವರು. ಹರಿದ ಸೀಟಿನ ಹಳೆ ಬೆತ್ತ ಕತ್ತರಿಸಿ ತೆಗೆದು, ಹೊಸ ಎಳೆಗಳನ್ನು ನೀರಲ್ಲಿ ನೆನೆಸಿ, ಚೌಕಟ್ಟಿನ ತೂತುಗಳಿಗೆ ಪೋಣಿಸಿ ಹೆಣೆಯುವುದು ಅವರ ಕಸುಬು. ಊರಲ್ಲಿ ಈ ಕೆಲಸ ಬಲ್ಲವರು ಅವರೊಬ್ಬರೇ. ಅದನ್ನು ನಾನು ಹೇಳಬೇಕಾಗಿಲ್ಲ, ಅವರೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಾರೆ. ನಾನು ಅವರ ತಮ್ಮನ ಮಗಳು, ಅದೇ ಮನೆಯ ಮಹಡಿಯಲ್ಲಿರುವವಳು. ಹಾಗಾಗಿ ನಾಲ್ಕು ಸಲ ಕೇಳಿಸಿಕೊಳ್ಳುತ್ತೇನೆ.

ಅವರು ಖಾತರಿ ಅಂತ ಕಾಗದದಲ್ಲಿ ಏನೂ ಬರೆದುಕೊಡುವುದಿಲ್ಲ. ಕುರ್ಚಿ ಒಪ್ಪಿಸುವಾಗ ಗಿರಾಕಿಯ ಕಣ್ಣೆದುರೇ, ಹಿಂದೆ ತಿರುಗಿಯೂ ನೋಡದೆ, ಮೂರು ಸಲ ಧಡ್ ಧಡ್ ಧಡ್ ಎಂದು ಕೂರುತ್ತಾರೆ. ಆಮೇಲೆ ಎದ್ದು ಪ್ಯಾಂಟು ಕೊಡವಿಕೊಂಡು "ತಗೊಂಡ್ಹೋಗಿ" ಎನ್ನುತ್ತಾರೆ. ಮೂವತ್ತು ವರ್ಷದ ಈ ಅಭ್ಯಾಸವೇ ಅವರಿಗೆ ಮುಳುವಾಯಿತು.

ಊರಿನ ವಾಚನಾಲಯದಿಂದ ಇಪ್ಪತ್ನಾಲ್ಕು ಕುರ್ಚಿಗಳು ಬಂದಿದ್ದವು. ಅಲ್ಲಿನ ಮೇಡಂ ಮೊದಲೇ ಹೇಳಿದ್ದರು: "ಈ ಸಲ ಕೆಲಸ ಗಟ್ಟಿಯಾಗಿ ಬರ್ಲಿಲ್ಲ ಅಂದ್ರೆ ಎಲ್ಲಾ ತೆಗೆದು ಪ್ಲಾಸ್ಟಿಕ್ ಹಾಕಿಸ್ಬಿಡ್ತೀನಿ." ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಎನ್ನುವುದು ಬೈಗುಳ. ಮೇಲಾಗಿ, ಬಿಡಿ ಗಿರಾಕಿಗಳೆಲ್ಲ ಯಾವತ್ತೋ ಆ ಕಡೆ ವಾಲಿದ್ದರು. ವಾಚನಾಲಯವೂ ಕೈಬಿಟ್ಟರೆ ದೊಡ್ಡಪ್ಪನ ಕಸುಬು ಅಲ್ಲಿಗೆ ಮುಗಿದಂತೆ.

ಮೊದಲ ದಿನ ಒಂದು ಕುರ್ಚಿಯ ಹಳೆ ಬೆತ್ತವನ್ನು ಪೂರ್ತಿ ಕತ್ತರಿಸಿ ತೆಗೆದರು. ಖಾಲಿ ಚೌಕಟ್ಟಿನ ಮೇಲೆ ಟವೆಲ್ ಹಾಕಿ ಒಳಗೆ ಚಹಾ ಕುಡಿಯಲು ಹೋದರು. ಬಂದರು, ತಿರುಗಿದರು, ಧಡ್ ಎಂದು ಕೂತರು.

ನಾನು ಓಡಿ ಬಂದಾಗ ಚೌಕಟ್ಟಿನಿಂದ ಎರಡು ಕಾಲು, ಎರಡು ಕೈ, ಒಂದು ತಲೆ ಮಾತ್ರ ಹೊರಗಿದ್ದವು. ಮೊಣಕಾಲು ಮೂಗಿಗೆ ತಾಗುತ್ತಿತ್ತು. ಬೆನ್ನಿನ ತುದಿ ಕೆಳಗಿನ ಅಡ್ಡಪಟ್ಟಿಗೆ ಬಡಿದಿತ್ತು.

"ಗರಗಸ ತರ್ತೀನಿ ಇರಿ," ಅಂದೆ.

"ಮರಕ್ಕೆ ಕೈ ಹಚ್ಚಿದ್ರೆ ನೋಡು! ಹಳೇ ತೇಗ ಅದು!" ಎಂದು ಕುರ್ಚಿಯೊಳಗಿಂದ ಗುಡುಗಿದರು.

ದೊಡ್ಡಮ್ಮ ಕುರ್ಚಿಯನ್ನು ಮಗ್ಗುಲಿಗೆ ಉರುಳಿಸಿ ಸುತ್ತ ಸೋಪಿನ ನೀರು ಸುರಿದರು. ನಾನು ತೋಳು ಹಿಡಿದು ಎಳೆದೆ. "ಪಾಲಿಶ್ ಹೋಗತ್ತೆ, ನಿಧಾನ!" ಎಂದು ಅರಚುತ್ತಲೇ ದೊಡ್ಡಪ್ಪ ಹೊರಬಂದರು.

ಡಾಕ್ಟರು ಎಕ್ಸ್‌ರೇ ನೋಡಿ, "ಬಾಲದ ಮೂಳೆ ಬಿರುಕು ಬಿಟ್ಟಿದೆ," ಅಂದರು.

"ಮನುಷ್ಯರಿಗೆ ಬಾಲ ಎಲ್ಲಿಂದ ಬಂತು ಡಾಕ್ಟ್ರೇ?" ಎಂದು ದೊಡ್ಡಪ್ಪ ರೇಗಿದರು.

"ಇವರಿಗೆ ಇರೋದು ನನಗೆ ಮದುವೆಯಾದಾಗಿಂದ ಗೊತ್ತು," ಅಂದರು ದೊಡ್ಡಮ್ಮ.

ಆ ಜಾಗಕ್ಕೆ ಪಟ್ಟಿ ಹಾಕಲು ಬರುವುದಿಲ್ಲವಂತೆ. ಆರು ವಾರ ಗಟ್ಟಿ ಜಾಗದಲ್ಲಿ ಕೂರಬಾರದು, ಮಗ್ಗುಲಾಗಿ ಮಲಗಬೇಕು, ಕೂರಲೇಬೇಕೆಂದರೆ ಹಿಂಭಾಗ ಕತ್ತರಿಸಿದ ದಿಂಬಿನ ಮೇಲೆ ಮುಂದಕ್ಕೆ ಬಾಗಿ ಕೂರಬೇಕು. ನೀರು, ಸೊಪ್ಪು, ಹಣ್ಣು ಹೆಚ್ಚಾಗಿ ತೆಗೆದುಕೊಳ್ಳಬೇಕು. ಯಾಕೆ ಅಂತ ಡಾಕ್ಟರು ವಿವರಿಸಲು ಹೊರಟಾಗ ದೊಡ್ಡಪ್ಪ "ಮಗು ಎದುರಿಗಿದೆ" ಎಂದು ತಡೆದರು. ಮಗು ಎಂದರೆ ನಾನು, ನನಗೆ ಇಪ್ಪತ್ತೊಂಬತ್ತು.

ಅಂದಿನಿಂದ ದೊಡ್ಡಪ್ಪ ನಿಂತೇ ಬದುಕಿದರು. ಕಿಟಕಿಯ ಕಟ್ಟೆ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಕುರ್ಚಿಗಳನ್ನು ಮೇಜಿನ ಮೇಲೇರಿಸಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಬೆತ್ತದ ಮೇಲೆ ಇಟ್ಟು ಹೆಣೆದರು. ಒಂದು ಸೀನು ಬಂದರೆ ಗೋಡೆ ಹಿಡಿದು ಐದು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ಬಿದ್ದದ್ದು ಹೇಗೆಂದು ಯಾರಿಗೂ ಹೇಳಕೂಡದು ಎಂದು ನಮ್ಮಿಬ್ಬರಿಂದ ಮಾತು ತೆಗೆದುಕೊಂಡರು. ಕುರ್ಚಿ ಹೆಣೆಯುವವನೇ ಸೀಟಿಲ್ಲದ ಕುರ್ಚಿಯಲ್ಲಿ ಕೂತ ಅಂತ ಗೊತ್ತಾದರೆ ಮಾನ ಉಳಿಯುತ್ತದೆಯೇ? ಪಕ್ಕದ ದರ್ಜಿಗೆ ಬಚ್ಚಲಲ್ಲಿ ಜಾರಿದೆ ಅಂದರು. ಕ್ಷೌರಿಕನಿಗೆ ಒಬ್ಬ ಹೆಂಗಸನ್ನು ಸೈಕಲ್ ಡಿಕ್ಕಿಯಿಂದ ಕಾಪಾಡಲು ಹೋಗಿ ಬಿದ್ದೆ ಅಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ದರ್ಜಿ ಮತ್ತು ಕ್ಷೌರಿಕ ದಿನವೂ ಭೇಟಿಯಾಗುತ್ತಾರೆ ಎನ್ನುವುದನ್ನು ಮಾತ್ರ ಜಟ್ಟಿ ಮರೆತಿದ್ದರು.

ಮೂರು ವಾರದಲ್ಲಿ ಇಪ್ಪತ್ನಾಲ್ಕೂ ಮುಗಿದವು. ಒಪ್ಪಿಸುವ ದಿನ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು.

"ಇಪ್ಪತ್ನಾಲ್ಕು ಮೂರ್ಲ ಎಪ್ಪತ್ತೆರಡು. ಅಷ್ಟು ಸಲ ಕೂತ್ರೆ ನೀವು ವಾಪಸ್ ಬರಲ್ಲ, ನಿಮ್ಮನ್ನ ಹೊತ್ಕೊಂಡು ಬರ್ಬೇಕಾಗತ್ತೆ."

"ನಾನು ಕೂರದೆ ಒಂದು ಕುರ್ಚೀನೂ ಈ ಕೈಯಿಂದ ಹೋಗಿಲ್ಲ."

ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ದೊಡ್ಡಮ್ಮ ಚಪ್ಪಲಿ ಮೆಟ್ಟಿ ತಾವೂ ಟೆಂಪೋ ಹತ್ತಿದರು.

ವಾಚನಾಲಯದಲ್ಲಿ ಪೇಪರ್ ಓದುವವರು ಮೂರು ವಾರದಿಂದ ಗೋಡೆಗೆ ಒರಗಿ ನಿಂತೇ ಓದುತ್ತಿದ್ದರು. ಕುರ್ಚಿಗಳನ್ನು ಸಾಲಾಗಿ ಜೋಡಿಸಿದೆವು. ಮೇಡಂ ಕನ್ನಡಕ ಸರಿಮಾಡಿಕೊಂಡು, "ಹ್ಞಾಂ, ಶುರು ಮಾಡಿ," ಅಂದರು.

ದೊಡ್ಡಪ್ಪ ಮೊದಲ ಕುರ್ಚಿಗೆ ಬೆನ್ನು ಮಾಡಿ ನಿಂತರು. ಮೊಣಕಾಲು ಬಗ್ಗಿಸಿದರು. ಅರ್ಧ ದಾರಿಯಲ್ಲಿ ಹಾಗೇ ನಿಂತುಬಿಟ್ಟರು, ಕೆಳಗೂ ಹೋಗಲಾರದೆ ಮೇಲೂ ಬರಲಾರದೆ. ಹಣೆಯಲ್ಲಿ ಬೆವರೊಡೆಯಿತು.

"ಏನ್ರೀ, ನೀವು ಹೆಣೆದ ಸೀಟಿನ ಮೇಲೆ ನಿಮಗೇ ನಂಬಿಕೆ ಇಲ್ವಾ?" ಅಂದರು ಮೇಡಂ.

ಆ ಮಾತು ಮೂಳೆಗಿಂತ ಜೋರಾಗಿ ಚುಚ್ಚಿರಬೇಕು. ದೊಡ್ಡಪ್ಪ ನೆಟ್ಟಗಾದರು.

"ಸೀಟಿನ ಮೇಲೆ ನಂಬಿಕೆ ಇದೆ ಮೇಡಂ! ಸೀಟೇ ಇಲ್ಲದ ಕುರ್ಚೀಲಿ ಕೂತು ಬಾಲದ ಮೂಳೆ ಮುರ್ಕೊಂಡಿದೀನಿ! ನಿಮ್ಮದೇ ಕುರ್ಚಿ! ಬೆತ್ತ ನಾನೇ ಕಿತ್ತಿದ್ದೆ, ಮರೆತು ಕೂತೆ!"

ಸದ್ದು ಮಾಡಬಾರದೆಂದು ಬೋರ್ಡು ಹಾಕಿದ ಕೋಣೆ ಅದು. ಪೇಪರುಗಳು ಒಂದೊಂದಾಗಿ ಕೆಳಗಿಳಿದವು. ಮೊದಲು ಒಬ್ಬರು ನಕ್ಕರು, ಆಮೇಲೆ ತಡೆಯುವವರೇ ಇರಲಿಲ್ಲ. ದೊಡ್ಡಪ್ಪ ನೆಲ ನೋಡುತ್ತ ನಿಂತಿದ್ದರು. ನನಗೆ ಅವರೆಲ್ಲರ ಮೇಲೆ ಸಿಟ್ಟು ಉಕ್ಕಿತು. ಮೂರು ವಾರ ಮನೆಯಲ್ಲಿ ನಕ್ಕವಳು ನಾನೇ, ಆದರೂ ಸಿಟ್ಟು ಬಂತು.

"ಸರೀರಿ, ಆ ಕಡೆ," ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿದರು. "ಇವರು ಐವತ್ತು ಕೆಜಿ. ಇವರು ಕೂತ್ರೆ ಕಾಗೆ ಕೂತ ಹಾಗೆ. ಅದೆಂಥ ಪರೀಕ್ಷೆ? ನಾನು ಎಂಬತ್ತೆಂಟು." ಧಡ್ ಎಂದು ಕೂತರು. ಕೋಣೆ ನಡುಗಿತು, ಕುರ್ಚಿ ನಡುಗಲಿಲ್ಲ.

ಒಂದು, ಎರಡು, ಮೂರು ಎಂದು ಓದುಗರೇ ಎಣಿಸತೊಡಗಿದರು. ದೊಡ್ಡಮ್ಮನ ಮುಖ ಕೆಂಪಾಯಿತು, ಉಸಿರು ಮೇಲೆ ಕೆಳಗಾಯಿತು. ಹನ್ನೊಂದನೆಯದರಲ್ಲಿ ಎರಡನೇ ಸಲ ಕೂತು ಎದ್ದವರು ನಿಂತುಬಿಟ್ಟರು.

"ಇದು ಸಡಿಲ."

"ಸಾಧ್ಯಾನೇ ಇಲ್ಲ!" ಎಂದು ದೊಡ್ಡಪ್ಪ ಧಾವಿಸಿ ಹೆಬ್ಬೆರಳಿಂದ ಒತ್ತಿದರು. ಮತ್ತೆ ಒತ್ತಿದರು. ಆಮೇಲೆ ಸಣ್ಣ ದನಿಯಲ್ಲಿ, "ಹೌದು. ಮೊದಲನೇ ವಾರದ್ದು. ನೋವಲ್ಲಿ ಬಿಗಿ ಎಳೆಯೋಕೆ ಆಗಿರ್ಲಿಲ್ಲ," ಅಂದರು.

ಮೇಡಂ ಬಂದು ಆ ಸೀಟನ್ನು ತಾವೂ ಒತ್ತಿ ನೋಡಿದರು. ಎಲ್ಲ ಮುಗಿಯಿತು ಅಂದುಕೊಂಡೆ.

"ತಮ್ಮ ತಪ್ಪು ತಾವೇ ಹಿಡಿದು ಹೇಳೋ ಪ್ಲಾಸ್ಟಿಕ್‌ನವರು ನನಗೆಲ್ಲೂ ಸಿಗಲ್ಲ," ಅಂದರು ಮೇಡಂ. "ಇದೊಂದನ್ನ ಸರಿಮಾಡಿ ತನ್ನಿ. ಉಳಿದವಕ್ಕೂ ಅಮ್ಮನೇ ಕೂತು ಹೇಳ್ಲಿ."

ದೊಡ್ಡಮ್ಮ ಉಳಿದ ಹದಿಮೂರರಲ್ಲೂ ಕೂತು ಎದ್ದರು. ಇಪ್ಪತ್ತಮೂರು ಪಾಸಾದವು.

ವಾಪಸ್ಸು ಬರುವಾಗ ಟೆಂಪೋದ ಹಿಂದೆ ದೊಡ್ಡಮ್ಮ ಆ ಸಡಿಲ ಕುರ್ಚಿಯ ಮೇಲೆ ಕುಸಿದಿದ್ದರು. ಕಾಲು ನಡುಗುತ್ತಿತ್ತು, ಏಳುವ ಶಕ್ತಿಯಿರಲಿಲ್ಲ. ದೊಡ್ಡಪ್ಪ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದರು, ಕೂರುವ ಹಾಗಿರಲಿಲ್ಲ. ಬಹಳ ಹೊತ್ತು ಆಕೆಯನ್ನೇ ನೋಡಿದರು.

"ಮೂವತ್ತು ವರ್ಷದಲ್ಲಿ ಊರಿನೋರನ್ನೆಲ್ಲ ಕೂರಿಸಿದೆ," ಅಂದರು. "ಒಂದಿನಾನೂ ನಿನ್ನನ್ನ 'ಕೂತ್ಕೋ' ಅನ್ಲಿಲ್ಲ ನೋಡು."

"ಕೂತಿದ್ರೆ ನಿಮಗೆ ಬೇಯಿಸಿ ಹಾಕೋರು ಯಾರು?" ಅಂದರು ದೊಡ್ಡಮ್ಮ.

ದೊಡ್ಡಪ್ಪ ಕಂಬಿಯಿಂದ ಒಂದು ಕೈ ಬಿಟ್ಟರು. ತಿರುವಿನಲ್ಲಿ ಕುರ್ಚಿ ಜಾರದ ಹಾಗೆ ಅದರ ಬೆನ್ನನ್ನು ಹಿಡಿದುಕೊಂಡರು, ಮನೆ ಬರುವವರೆಗೂ ಕೈ ತೆಗೆಯಲಿಲ್ಲ.