ಹನ್ನೊಂದು ನಿಮಿಷದ ಧರಣೇಂದ್ರಯ್ಯ

ಧರಣೇಂದ್ರಯ್ಯನವರು ನಮ್ಮ ಕಾಲೇಜಿನ ಆಫೀಸಿಗೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ ಕೈಗಡಿಯಾರ ಬಿಚ್ಚಿ ಮಸಿ ಬಾಟಲಿಗೆ ಒರಗಿಸಿಡುವುದು. ಟೈಪಿಂಗ್ ಕಲಿಸುತ್ತಿದ್ದವರಾದ್ದರಿಂದ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುವ ಚಟ. ಜವಾನ ಟೀ ತರಲು ಹೋಗಿಬಂದ ಹೊತ್ತೂ ಅದರಲ್ಲಿತ್ತು. ಪ್ರಿನ್ಸಿಪಾಲರ ಸ್ವಾತಂತ್ರ್ಯೋತ್ಸವದ ಭಾಷಣದ ಮುಂದೆ ‘ನಲವತ್ತೆರಡು ನಿಮಿಷ, ಸುಧಾರಣೆ ಇಲ್ಲ’ ಎಂದು ಷರಾ ಬರೆದಿದ್ದರು.

ಅವರು ಹಳೇಬೀಡಿನ ಜೈನರು. ಹೊತ್ತು ಮುಳುಗಿದ ಮೇಲೆ ಊಟವಿರಲಿ, ತೊಟ್ಟು ನೀರೂ ಮುಟ್ಟುವವರಲ್ಲ. ಅದಕ್ಕೇ ಮೊದಲ ಬಸ್ಸಿಗೆ ಅರಸೀಕೆರೆಗೆ ಬಂದು ಆಫೀಸಿನ ಬಾಗಿಲು ತೆಗೆಸುತ್ತಿದ್ದರು, ನಾಲ್ಕೂವರೆಗೆ ಗಡಿಯಾರ ಕಟ್ಟಿಕೊಂಡು ಎದ್ದುಬಿಡುತ್ತಿದ್ದರು. ಆಮೇಲೆ ಯಾರು ಕರೆದರೂ ನಿಲ್ಲುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂತು. ಕಣಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನನ್ನು ಅದರ ಮುಂದೆ ಕೂರಿಸಿದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಧರಣೇಂದ್ರಯ್ಯನವರಿಗೆ ಕಂಪ್ಯೂಟರಿನ ಗಂಧಗಾಳಿಯೂ ಗೊತ್ತಿರಲಿಲ್ಲ, ಆದರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೊತ್ತು ನೋಡಿದರು. ವಿದ್ಯಾರ್ಥಿಗಳ ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಲು ಹನ್ನೊಂದು ನಿಮಿಷ. ಪುಸ್ತಕದಲ್ಲಿ ಬರೆದುಕೊಂಡರು.

ಮರುವರ್ಷ ಒಂದು ಸೋಮವಾರ ಬೆಂಗಳೂರಿನಿಂದ ಇಂಜಿನಿಯರೊಬ್ಬ ಬಂದು, ಇನ್ನು ಕುದುರೆ ಹಾಗೆ ಓಡುತ್ತದೆ ಎಂದು ಕಂಪ್ಯೂಟರಿನ ಡಬ್ಬದೊಳಗೆ ಹೊಸ ಮೆಮೊರಿ ಕಾರ್ಡು ಕೂರಿಸಿ ಹೋದ. ಅಂದಿನಿಂದ ಅದೇ ಪಟ್ಟಿಗೆ ಇಪ್ಪತ್ತು ನಿಮಿಷ. ಪ್ರಿನ್ಸಿಪಾಲರು ಫೋನು ಮಾಡಿದರೆ, ನಿಮ್ಮ ಹುಡುಗಿ ಏನೋ ಒತ್ತಿರಬೇಕು ಎಂದನಂತೆ. ಧರಣೇಂದ್ರಯ್ಯನವರು ಪುಸ್ತಕ ಹಿಡಿದುಕೊಂಡು ಪ್ರಿನ್ಸಿಪಾಲರ ಬಳಿ ಹೋಗಿ, ಕಾರ್ಡು ಹಾಕಿದ ದಿನವೇ ಮೆಷಿನ್ನು ಮಂದವಾಗಿದೆ ಎಂದು ತೋರಿಸಿದರು. ಅವರು ಕೈಗಡಿಯಾರಕ್ಕಿಂತ ಇಂಜಿನಿಯರನ್ನು ನಂಬಿದರು. ಶನಿವಾರದೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ನನಗೆ ಹೇಳಿಬಿಟ್ಟರು.

ಶುಕ್ರವಾರ ನಾಲ್ಕು ಗಂಟೆಗೆ ಧರಣೇಂದ್ರಯ್ಯನವರು ಸ್ಕ್ರೂಡ್ರೈವರ್ ಹಿಡಿದು ಬಂದರು. ನಾನು ಕಣ್ಣೊರೆಸಿಕೊಂಡು ಎದ್ದು ನಿಂತೆ.

“ಅಳಬೇಡಮ್ಮ. ಒಂದೊಂದೇ ನೋಡೋಣ.”

ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಹೊಸ ಕಾರ್ಡನ್ನು ಹೊರತೆಗೆದು ಪಟ್ಟಿ ಓಡಿಸಿದೆವು. ಇಪ್ಪತ್ತು ನಿಮಿಷ. ಅಂದರೆ ತಪ್ಪು ಕಾರ್ಡಿನದಲ್ಲ. ಅದನ್ನು ಮತ್ತೆ ಕೂರಿಸಿ, ಬೇರೆ ಫ್ಲಾಪಿ ಹಾಕಿ ನೋಡಿದೆವು. ಅದೇ ಇಪ್ಪತ್ತು. ಪ್ರತಿಸಲವೂ ಅವರು ಬರೆದುಕೊಳ್ಳುತ್ತಿದ್ದರು, ನಾನು ಪರದೆಯನ್ನೇ ನೋಡುತ್ತಿದ್ದೆ. ಕೊನೆಗೆ ಅವರು ಡಬ್ಬದ ಮುಂಭಾಗಕ್ಕೆ ಬೆರಳು ತೋರಿಸಿದರು.

“ಮೊದ್ಲು ಇಲ್ಲೊಂದು ಹಸಿರು ದೀಪ ಉರೀತಿತ್ತಲ್ಲಮ್ಮ?”

ದಿನವೂ ಅದರ ಮುಂದೆ ಕೂರುತ್ತಿದ್ದ ನಾನು ಗಮನಿಸಿಯೇ ಇರಲಿಲ್ಲ. ವೇಗ ಹೆಚ್ಚಿಸುವ ಗುಂಡಿಯ ದೀಪ ಅದು. ಗುಂಡಿ ಒತ್ತಿದರೂ ಹತ್ತಲಿಲ್ಲ. ಮತ್ತೆ ಮುಚ್ಚಳ ತೆಗೆದು, ಗುಂಡಿಯ ಹಿಂದಿನಿಂದ ವೈರು ಹಿಡಿದುಕೊಂಡು ಹೋದರೆ ಅದರ ತುದಿ ಕಳಚಿ ಜೋತಾಡುತ್ತಿತ್ತು. ಕಾರ್ಡು ಕೂರಿಸುವಾಗ ಇಂಜಿನಿಯರನ ಕೈ ತಾಗಿರಬೇಕು. ಧರಣೇಂದ್ರಯ್ಯನವರು ಅದನ್ನು ಸಿಕ್ಕಿಸಿದರು. ದೀಪ ಹತ್ತಿತು. ಪಟ್ಟಿ ಹನ್ನೊಂದು ನಿಮಿಷಕ್ಕೆ ಮುಗಿಯಿತು. ಅವರು ಬರೆದುಕೊಂಡು, ಗಡಿಯಾರ ಕಟ್ಟಿಕೊಂಡು ಹೊರಟರು. ನಾನು ಖುಷಿಯಲ್ಲಿ ಕಿಟಕಿಯ ಕಡೆಗೂ ನೋಡಲಿಲ್ಲ. ನನ್ನ ಕೆಲಸ ಉಳಿಯಿತು, ಮುಂದೆ ಕಾಯಂ ಕೂಡ ಆಯಿತು.

ಅವರು ನಿವೃತ್ತರಾದ ಮೇಲೆ ಒಮ್ಮೆ ಹಳೇಬೀಡಿನ ಮನೆಗೆ ಹೋಗಿದ್ದೆ. ಮೆತ್ತಗಾಗಿದ್ದರು. ಇನ್ನೂ ಬಿಸಿಲಿರುವಾಗಲೇ ಅವರ ಹೆಂಡತಿ ಇಬ್ಬರಿಗೂ ಎಲೆ ಹಾಕಿದರು. ಬಡಿಸುತ್ತಾ, ಅಷ್ಟು ವರ್ಷದ ನೌಕರಿಯಲ್ಲಿ ಇವರು ಕತ್ತಲಾದ ಮೇಲೆ ಮನೆಗೆ ಬಂದದ್ದು ಒಂದೇ ದಿನ ಎಂದರು. ಮಾಡಿಟ್ಟ ಅಡುಗೆ ಹಾಗೇ ಉಳಿಯಿತಂತೆ.

“ನೀರೂ ಮುಟ್ಟದೆ ಮಲಗಿದ್ರು ಕಣಮ್ಮ. ಕೇಳಿದ್ರೆ, ಯಾವ್ದೋ ವೈರು ಕಳಚಿತ್ತು ಅಂದ್ರು.”

ನನ್ನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಅಂದು ಹೊತ್ತು ಮುಳುಗುತ್ತಿದೆ ಎಂದು ನಾನಾದರೂ ಹೇಳಬಹುದಿತ್ತು. ಅವರ ನೇಮ ನನಗೆ ಗೊತ್ತಿತ್ತು. ನಾಚಿಕೆಯಾಗುತ್ತಿದೆ ಎಂದು ಧರಣೇಂದ್ರಯ್ಯನವರಿಗೇ ಹೇಳಿದೆ.

ಅದೇ ಕೊನೆಯ ಭೇಟಿ. ಮುಂದಿನ ಸಲ ನಾನು ಆ ಮನೆಗೆ ಹೋಗುವಷ್ಟರಲ್ಲಿ ಅವರಿರಲಿಲ್ಲ. ಆ ಊಟದ ದಿನ ಅವರು ಎಲೆಯ ಪಕ್ಕ ಬಿಚ್ಚಿಟ್ಟಿದ್ದ ಗಡಿಯಾರವನ್ನೂ ಹೊರಗಿನ ಇಳಿಬಿಸಿಲನ್ನೂ ನೋಡಿ, ನನ್ನ ಎಲೆಯ ಕಡೆ ಕೈ ತೋರಿಸಿದ್ದರು.

“ಇನ್ನೂ ಹನ್ನೊಂದು ನಿಮಿಷ ಐತೆ. ಉಣ್ಣಮ್ಮ.”